ಫಿಟ್ಸ್ ಬರುವವಳು ಟೆರೇಸಿಗೆ ಹೋಗಬಹುದು

ಏಳನೆಯ ತರಗತಿಗೆ ಬೀಜ ಮೊಳೆಯುವ ಪಾಠ ಮಾಡುತ್ತಿದ್ದಾಗ ನಾನು ಬಿದ್ದೆ.

ಕುಮಾರಸ್ವಾಮಿ ಲೇಔಟ್‌ನ ಒಂದು ಖಾಸಗಿ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೆ. ಪ್ರತಿವರ್ಷ ಅದೇ ಹೆಸರುಕಾಳು ತೋರಿಸಿ ನನಗೇ ಬೇಸರವಾಗಿತ್ತು. ಅದಕ್ಕೆ ಆ ಸಲ ನರ್ಸರಿಯಿಂದ ಇಟಾಲಿಯನ್ ಬೇಸಿಲ್ ಬೀಜದ ಪೊಟ್ಟಣ ತಂದಿದ್ದೆ. ನಮ್ಮ ಕಾಮಕಸ್ತೂರಿಯ ಹತ್ತಿರದ ನೆಂಟ. ಗಿಡ್ಡ ತಳಿ, ಚಿಕ್ಕ ಕುಂಡದಲ್ಲೇ ಗುಂಡಗೆ ಬೆಳೆಯುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿತ್ತು. ಸಾಸಿವೆಗಿಂತ ಸಣ್ಣ ಕಪ್ಪು ಬೀಜಗಳನ್ನು ಗಾಜಿನ ಲೋಟದ ನೀರಿಗೆ ಉದುರಿಸಿ, ಸುತ್ತ ಲೋಳೆ ಕಟ್ಟುವುದನ್ನು ಮಕ್ಕಳಿಗೆ ತೋರಿಸುತ್ತಿದ್ದೆ. "ಮಿಸ್, ಕಪ್ಪೆ ಮೊಟ್ಟೆ ಥರ ಇದೆ" ಎಂದು ಮುಂದಿನ ಬೆಂಚಿನ ಹುಡುಗಿ ಹೇಳಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

ಕಣ್ಣು ಬಿಟ್ಟಾಗ ತರಗತಿಯ ನೆಲದ ಮೇಲಿದ್ದೆ. ಬಲಗೈಯಲ್ಲಿ ಯಾರದೋ ಸ್ಕೂಟರಿನ ಕೀ ಗೊಂಚಲನ್ನು ಒತ್ತಿ ಹಿಡಿಸಿದ್ದರು. ಮೂಗಿನ ಹತ್ತಿರ ಯಾರೋ ಚಪ್ಪಲಿ ಹಿಡಿದಿದ್ದರು. ನಾಲಗೆ ಕಚ್ಚಿಕೊಂಡಿದ್ದೆ, ಬಾಯಿತುಂಬ ರಕ್ತದ ರುಚಿ. ಸೀರೆ ಒದ್ದೆಯಾಗಿತ್ತು. ಲೋಟದ ನೀರು ಚೆಲ್ಲಿರಬೇಕು ಎಂದುಕೊಂಡೆ. ಲೋಟ ಮೇಜಿನ ಮೇಲೆ ಹಾಗೇ ಇತ್ತು. ಕನ್ನಡ ಕಲಿಸುವ ಮೇಡಂ ಮಕ್ಕಳನ್ನು ಹೊರಗೆ ಕಳಿಸಿದರು, ತಮ್ಮ ದುಪಟ್ಟಾ ತೆಗೆದು ನನ್ನ ಕಾಲ ಮೇಲೆ ಹೊದಿಸಿದರು, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಅವರಿಗೆ ನಾನು ಇವತ್ತಿಗೂ ಸರಿಯಾಗಿ ಥ್ಯಾಂಕ್ಸ್ ಹೇಳಿಲ್ಲ. ಹೇಳಲು ಹೋದರೆ ಇಬ್ಬರಿಗೂ ಅಳು ಬರುತ್ತದೆ.

ಆಮೇಲೆ ಜಯನಗರದ ಒಂದು ಆಸ್ಪತ್ರೆ. ತಲೆಗೂದಲ ನಡುವೆ ಅಂಟು ಹಚ್ಚಿ ವೈರುಗಳನ್ನು ಸಿಕ್ಕಿಸಿದರು. ಸ್ಕ್ಯಾನ್ ಮಾಡಿದರು. ಅವೆಲ್ಲಕ್ಕಿಂತ ಕಷ್ಟವಾಗಿದ್ದು ನರರೋಗ ವಿಭಾಗದ ಹೊರಗಿನ ಕಾಯುವ ಕೋಣೆ. ಅಲ್ಲಿ ಕೂತವರು ಯಾರೂ ಕಾಯಿಲೆಯ ಹೆಸರು ಹೇಳುವುದಿಲ್ಲ. ಒಬ್ಬರಿಗೆ "ತಲೆಸುತ್ತು", ಇನ್ನೊಬ್ಬರಿಗೆ "ಸ್ವಲ್ಪ ನರದ ವೀಕ್‌ನೆಸ್ಸು". ಪಕ್ಕದ ಹೆಂಗಸು ನನ್ನ ಅಮ್ಮನನ್ನು ಕೇಳಿದರು, "ಮಗಳಿಗೆ ಏನಾಗಿದೆ?" ಅಮ್ಮ "ತಲೆನೋವು" ಎಂದಳು. ನನ್ನ ಹಣೆ ಮೇಲೆ ಬಿದ್ದ ಗಾಯಕ್ಕೆ ನಾಲ್ಕು ಹೊಲಿಗೆ ಇತ್ತು. ಆ ಹೆಂಗಸು ಹೊಲಿಗೆ ನೋಡಿದರು, ನನ್ನನ್ನು ನೋಡಿದರು, ಸುಮ್ಮನೆ ಒಂದು ಕಿತ್ತಲೆಹಣ್ಣು ಸುಲಿದು ಅರ್ಧ ನನ್ನ ಕೈಗಿಟ್ಟರು.

ಡಾಕ್ಟರ್ ಐವತ್ತು ದಾಟಿದ ಹೆಂಗಸು, ಮೆಲುದನಿ. ಆರು ತಿಂಗಳಿಂದ ಪಾಠದ ನಡುವೆ ಒಮ್ಮೊಮ್ಮೆ ಮಾತು ನಿಂತುಹೋಗುತ್ತಿತ್ತು ಎಂದು ಹೇಳಿದೆ. ಮಿಸ್ ಯೋಚಿಸುತ್ತಿದ್ದಾರೆ ಎಂದು ಮಕ್ಕಳು ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಅವರು ಬರೆದುಕೊಳ್ಳುತ್ತಾ ಕೇಳಿದರು, "ಮನೇಲಿ ಯಾರಿಗಾದ್ರೂ ಫಿಟ್ಸ್ ಇತ್ತಾ? ಅಮ್ಮನ ಕಡೆ, ಅಪ್ಪನ ಕಡೆ..."

"ಯಾರಿಗೂ ಇಲ್ಲ ಡಾಕ್ಟ್ರೇ. ನಮ್ಮ ವಂಶದಲ್ಲೇ ಇಲ್ಲ" ಎಂದಳು ಅಮ್ಮ, ಪ್ರಶ್ನೆ ಮುಗಿಯುವ ಮೊದಲೇ.

ನನಗಿರುವುದು ಮೂರ್ಛೆರೋಗ, ಬೆಳಿಗ್ಗೆ ಸಂಜೆ ಮಾತ್ರೆ, ಬಹಳ ಮಂದಿಗೆ ಹತೋಟಿಗೆ ಬರುತ್ತದೆ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಗಾಡಿ ಓಡಿಸಬಾರದು. ಒಲೆಯ ಮುಂದೆ ಒಬ್ಬಳೇ ಇರಬಾರದು. ಈ ಎರಡು "ಬಾರದು"ಗಳು ಇಟ್ಟಮಡುವಿನ ನಮ್ಮ ಮನೆ ತಲುಪುವ ಹೊತ್ತಿಗೆ ಇಪ್ಪತ್ತಾಗಿದ್ದವು.

ನಾವಿರುವುದು ಮೊದಲನೆ ಮಹಡಿಯ ಬಾಡಿಗೆ ಮನೆ. ನಾನು, ನನ್ನ ಗಂಡ ಮಹೇಶ, ಅಪ್ಪ ಹೋದ ಮೇಲೆ ನಮ್ಮ ಜೊತೆ ಬಂದ ಅಮ್ಮ. ಮಕ್ಕಳಿಲ್ಲ. ಮಹೇಶ ಬೊಮ್ಮನಹಳ್ಳಿಯ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಮಾತು ಕಡಿಮೆ. ಅವನು ಏನೂ ಹೇಳದೆ ಬಚ್ಚಲುಮನೆಯ ಚಿಲಕ ಬಿಚ್ಚಿಟ್ಟ. ಅಮ್ಮ ಗ್ಯಾಸ್ ಲೈಟರ್ ಬಚ್ಚಿಟ್ಟಳು, ಚಾಕುಗಳನ್ನು ಮೇಲಿನ ಶೆಲ್ಫಿಗೆ ಏರಿಸಿದಳು. ಟೆರೇಸಿನ ಬಾಗಿಲಿಗೆ ಹೊಸ ಬೀಗ ಬಿತ್ತು. ಒಂದು ಕೀ ಅಮ್ಮನ ಸೊಂಟದಲ್ಲಿ. ಇನ್ನೊಂದು ಎರಡನೆ ಮಹಡಿಯಲ್ಲಿ ಬಾಡಿಗೆಗಿರುವ ರೇಣುಕಾಳ ಹತ್ತಿರ, ಬಟ್ಟೆ ಒಣಗಿಸಲು. ರೇಣುಕಾ ಹುಬ್ಬಳ್ಳಿಯ ಹುಡುಗಿ, ವಿಮೆ ಕಂಪನಿಯ ಕಚೇರಿಯೊಂದರಲ್ಲಿ ಕೆಲಸ. "ನನ್ನ ಮಗಳು ಕೇಳಿದ್ರೆ ಕೊಡಬೇಡಮ್ಮ" ಎಂದು ಅಮ್ಮ ಅವಳಿಂದ ಮಾತು ತೆಗೆದುಕೊಂಡಿದ್ದಳು.

ಶಾಲೆಯಿಂದ ಪ್ರಿನ್ಸಿಪಾಲರ ಫೋನ್ ಬಂತು. "ಪೂರ್ತಿ ಹುಷಾರಾಗೋವರೆಗೂ ರೆಸ್ಟ್ ತಗೊಳ್ಳಿ ಮೇಡಂ. ನಾವೆಲ್ಲ ಇದೀವಿ." ಪೂರ್ತಿ ಹುಷಾರು ಎಂಬುದು ಈ ಕಾಯಿಲೆಯಲ್ಲಿ ಯಾವಾಗ ಬರುತ್ತದೆಂದು ಅವರು ಹೇಳಲಿಲ್ಲ.

ಬೀಜದ ಪೊಟ್ಟಣ ನನ್ನ ಬ್ಯಾಗಿನಲ್ಲೇ ಉಳಿದಿತ್ತು. ಚೀಲ ಖಾಲಿ ಮಾಡುವಾಗ ಸಿಕ್ಕಿದಾಗ ಮೊದಲು ಬಿಸಾಕಲು ಹೊರಟೆ. ಆಮೇಲೆ ಸಿಟ್ಟು ಬಂತು. ಅರ್ಧಕ್ಕೆ ನಿಂತ ಪಾಠವನ್ನು ಮುಗಿಸುವ ಹಕ್ಕೂ ನನಗಿಲ್ಲವೇ? ಮೊಸರಿನ ಡಬ್ಬಿಗೆ ತೂತು ಕೊರೆದೆ. ಚಾಕು ಇರಲಿಲ್ಲವಲ್ಲ, ಸೇಫ್ಟಿ ಪಿನ್ ಕಾಯಿಸಿ ಕೊರೆದೆ. ಅದಕ್ಕೆ ಬೇಕಾದ ಬೆಂಕಿಗೆ ದೇವರ ಮುಂದಿನ ದೀಪವಿತ್ತು. ತೆಂಗಿನ ನಾರಿನ ಪುಡಿ ತುಂಬಿ, ಮೇಲೆ ಬೀಜ ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿದೆ. ಇದನ್ನು ಆಳಕ್ಕೆ ಹೂಳಬಾರದು.

ಐದನೆಯ ದಿನ ಮೊಳಕೆ ಬಂತು. ಹತ್ತನೆಯ ದಿನ ಎಲ್ಲವೂ ಬುಡ ಕೊಳೆತು ಮಲಗಿದವು. ತಪ್ಪು ನನ್ನದೇ. ಮಾತ್ರೆಯ ಮಂಪರಿನಲ್ಲಿ ನೀರು ಹಾಕಿದ್ದು ಮರೆತು ಮತ್ತೆ ಮತ್ತೆ ಹಾಕಿದ್ದೆ. ಆ ದಿನಗಳಲ್ಲಿ ನಾನು ಮಾತನ್ನೂ ಹಾಗೇ ಮರೆಯುತ್ತಿದ್ದೆ, ಅರ್ಧ ವಾಕ್ಯ ಹೇಳಿ ಉಳಿದರ್ಧಕ್ಕೆ ತಡಕಾಡುತ್ತಿದ್ದೆ. ಸತ್ತ ಸಸಿಗಳನ್ನು ನೋಡುತ್ತಾ ಕೂತಾಗ ಅಮ್ಮ ಅಂದಳು, "ಹೋಗ್ಲಿ ಬಿಡೆ. ನಿನಗ್ಯಾಕೆ ಈಗ ಇದೆಲ್ಲ?"

ಆ ಮಾತಿಗೇ ಎರಡನೆಯ ಸಲ ಬಿತ್ತಿದೆ. ಕ್ಯಾಲೆಂಡರಿನಲ್ಲಿ ಮಾತ್ರೆಗೆ ನೀಲಿ ಗೀಟು, ನೀರಿಗೆ ಕೆಂಪು ಗೀಟು ಹಾಕಿಕೊಂಡೆ. ಮೇಲೆ ಮುಟ್ಟಿ ಒಣಗಿದೆಯೆನ್ನಿಸಿದರೆ ಮಾತ್ರ ನೀರು. ಈ ಸಲ ಸಸಿಗಳು ಉಳಿದವು. ಆದರೆ ನಮ್ಮ ಕಿಟಕಿಗೂ ಪಕ್ಕದ ಕಟ್ಟಡಕ್ಕೂ ನಡುವೆ ಒಂದು ಮೊಳ ಜಾಗ. ಬಿಸಿಲು ಒಳಗೆ ಬರುವುದೇ ಇಲ್ಲ. ಗಿಡ್ಡಗೆ ಗುಂಡಗೆ ಆಗಬೇಕಾದ ಸಸಿಗಳು ಬಿಳಿಚಿಕೊಂಡು, ದಾರದ ಹಾಗೆ ಉದ್ದವಾಗಿ ಕಿಟಕಿಯ ಕಡೆಗೆ ವಾಲತೊಡಗಿದವು. ಇವಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಬಿಸಿಲು ಇರುವುದು ಟೆರೇಸಿನಲ್ಲಿ.

ಮಹೇಶನನ್ನು ಕೇಳಿದೆ. "ನಾನೇ ಮೇಲೆ ಇಟ್ಟು ಬರ್ತೀನಿ, ನೀನು ಬರಬೇಡ" ಎಂದ. ಅವನು ಏಳಕ್ಕೆ ಮನೆ ಬಿಟ್ಟರೆ ಬರುವುದು ಕತ್ತಲಾದ ಮೇಲೆ. ಗಿಡಕ್ಕಾಗಿ ಜಗಳವಾಡುವವಳು ಎಂದು ಅನ್ನಿಸಿಕೊಳ್ಳಲು ನನಗೆ ನಾಚಿಕೆಯಾಯಿತು. ಎರಡು ದಿನ ನಾಚಿಕೆಪಟ್ಟೆ. ಮೂರನೆಯ ದಿನ ಮಧ್ಯಾಹ್ನ ಸಸಿಯ ಡಬ್ಬಿಗಳನ್ನು ತಟ್ಟೆಯಲ್ಲಿಟ್ಟುಕೊಂಡು ಎರಡು ಮಹಡಿ ಹತ್ತಿ, ಬೀಗ ಹಾಕಿದ ಬಾಗಿಲ ಮುಂದೆ ಕೊನೆಯ ಮೆಟ್ಟಿಲ ಮೇಲೆ ಕೂತೆ. ಅಮ್ಮ ಏದುಸಿರು ಬಿಡುತ್ತಾ ಬಂದಳು.

"ಕೆಳಗೆ ಬಾ."

"ಬರಲ್ಲ. ಬೀಗ ತೆಗಿ."

"ತೆಗೆಯಲ್ಲ. ಬೇಕಾದ್ರೆ ಬೈಕೋ."

"ನಾನು ಬಿದ್ದುಬಿಡ್ತೀನಿ ಅಂತ ತಾನೆ ನಿಂಗೆ ಭಯ? ಒಳಗಿದ್ರೂ ಬೀಳ್ತೀನಮ್ಮ. ಒಳಗೆ ಬಿದ್ರೆ ಯಾರಿಗೂ ಕಾಣಲ್ಲ, ಅಷ್ಟೇ ವ್ಯತ್ಯಾಸ."

ಅಮ್ಮ ಎರಡು ಮೆಟ್ಟಿಲು ಕೆಳಗೆ ಕೂತುಬಿಟ್ಟಳು. ಗೋಡೆ ನೋಡುತ್ತಾ, "ಗಿರಿಜೆನೂ ಹೀಗೇ ಅಂದಿದ್ಲು" ಎಂದಳು.

ಅಮ್ಮನಿಗೆ ಗಿರಿಜಾ ಎಂಬ ತಂಗಿ ಇದ್ದಳು, ನಾನು ಹುಟ್ಟುವ ಮೊದಲೇ ತೀರಿಕೊಂಡಳು ಎಂಬುದಷ್ಟೇ ನನಗೆ ಗೊತ್ತಿತ್ತು. ಅವಳ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ.

"ಏನಂದಿದ್ರು?"

"ಒಳಗೆ ಬಿದ್ರೂ ಬೀಳೋದೇ ಅಲ್ವಾ ಅಕ್ಕಾ, ಜಗಲಿ ಮೇಲಾದ್ರೂ ಕೂರ್ತೀನಿ ಅಂತ." ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹದಿಮೂರು ವರ್ಷಕ್ಕೆ ಶುರುವಾಯ್ತು ಅವಳಿಗೆ. ಆಗೆಲ್ಲ ಗಾಳಿ ಸೋಕು ಅಂತಿದ್ರು. ಕಡೂರಲ್ಲಿ ನಮ್ಮ ಮನೇಲಿ ಹಿಂದುಗಡೆ ಒಂದು ರೂಮಿತ್ತು. ಯಾರಾದ್ರೂ ಬಂದ್ರೆ ಅವಳನ್ನ ಅದರೊಳಗೆ ಕೂರಿಸಿ ಚಿಲಕ ಹಾಕೋರು. ನನ್ನ ನೋಡೋಕೆ ನಿಮ್ಮಪ್ಪನ ಮನೆಯವರು ಬಂದ್ರಲ್ಲ, ಅವತ್ತು ಚಿಲಕ ಹಾಕಿದ್ದು ನಾನೇ."

ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಒಳಗಿಂದ ಒಂದು ಸದ್ದೂ ಮಾಡಲಿಲ್ಲ ಕಣೆ ಅವಳು. ನನಗೋಸ್ಕರ ಸುಮ್ಮನಿದ್ಲು. ಆಮೇಲೆ ಎಂಟು ವರ್ಷ ಬದುಕಿದ್ಲು, ಅದೇ ರೂಮಲ್ಲಿ. ಹೋಗಿದ್ದು ಫಿಟ್ಸಿಂದ ಅಲ್ಲ, ಟೈಫಾಯ್ಡಿಂದ."

ಆಗ ನನಗೆ ಬಂದದ್ದು ಕನಿಕರವಲ್ಲ, ಸಿಟ್ಟು. ಇದನ್ನು ಬರೆಯುವುದು ಸುಲಭವಲ್ಲ, ಆದರೆ ನಿಜ. "ಡಾಕ್ಟರ್ ಕೇಳಿದಾಗ ನಮ್ಮ ವಂಶದಲ್ಲೇ ಇಲ್ಲ ಅಂದೆ" ಎಂದೆ. "ಚಿಕ್ಕಮ್ಮನ್ನ ಇನ್ನೊಂದು ಸಲ ಚಿಲಕ ಹಾಕಿ ಕೂರಿಸಿದ ಹಾಗಾಯ್ತಲ್ಲಮ್ಮ." ಆಡಬಾರದಿತ್ತೇನೋ. ಅಮ್ಮ ಎದ್ದು, ಮೆಟ್ಟಿಲ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದಳು. ನಾನು ಸಸಿಗಳ ಜೊತೆ ಅಲ್ಲೇ ಕೂತಿದ್ದೆ. ಬಾಗಿಲ ಸಂದಿಯಿಂದ ಬರುವ ಗೀಟಿನಷ್ಟು ಬಿಸಿಲಿಗೆ ಡಬ್ಬಿಗಳನ್ನು ಸರಿಸುತ್ತಾ ಇದ್ದೆ. ಅವಳು ಬೀಗ ತೆಗೆಯಲಿಲ್ಲ.

ಎರಡು ದಿನ ಅಮ್ಮ ನನ್ನೊಡನೆ ಮಾತಾಡಲಿಲ್ಲ. ಗುರುವಾರ ಡಾಕ್ಟರ ಹತ್ತಿರ ಹೋಗುವುದಿತ್ತು. "ನಾನೂ ಬರ್ತೀನಿ" ಎಂದು ತಾನೇ ಸೀರೆ ಬದಲಿಸಿ ಹೊರಟಳು. ಡಾಕ್ಟರ್ ಮಾತ್ರೆ, ನಿದ್ದೆ, ತಲೆಭಾರ ಎಲ್ಲ ವಿಚಾರಿಸಿದರು. ಅವರು ಕಂಪ್ಯೂಟರ್ ಕಡೆ ತಿರುಗಿದಾಗ ಅಮ್ಮ ಹೇಳಿದಳು, "ಡಾಕ್ಟ್ರೇ, ಹೋದ ಸಲ ನಾನು ಸುಳ್ಳು ಹೇಳಿದ್ದೆ. ನನ್ನ ತಂಗಿಗಿತ್ತು. ಗಿರಿಜಾ ಅಂತ. ಬರ್ಕೊಳ್ಳಿ."

ಡಾಕ್ಟರ್ ಬೈಯಲಿಲ್ಲ. ಎಷ್ಟನೆ ವಯಸ್ಸಿಗೆ ಶುರುವಾಯಿತು, ಹೇಗೆ ಬರುತ್ತಿತ್ತು ಎಂದು ಒಂದೊಂದೇ ಕೇಳಿ ಬರೆದುಕೊಂಡರು. ಅಮ್ಮ ಒಂದನ್ನೂ ಮರೆತಿರಲಿಲ್ಲ. ಎಡಗೈ ಮೊದಲು ಸೆಟೆಯುತ್ತಿತ್ತು, ಆಮೇಲೆ ಎರಡು ತಾಸು ನಿದ್ದೆ ಹೋಗುತ್ತಿದ್ದಳು, ಎದ್ದ ಮೇಲೆ ಬೆಲ್ಲ ಕೇಳುತ್ತಿದ್ದಳು. ಬೆಲ್ಲದ ಸಂಗತಿಯನ್ನೂ ಡಾಕ್ಟರ್ ಬರೆದುಕೊಂಡಿದ್ದನ್ನು ನಾನು ನೋಡಿದೆ. ಅದು ಯಾವ ಚಿಕಿತ್ಸೆಗೆ ಬೇಕಿತ್ತೋ ಗೊತ್ತಿಲ್ಲ.

ಆಮೇಲೆ ನಾನು ಟೆರೇಸಿನ ವಿಷಯ ಎತ್ತಿದೆ. ಬೇಡ ಎಂದಿದ್ದರೂ ನಾನು ಹೋಗುತ್ತಿದ್ದೆ. ಡಾಕ್ಟರ್ ಕೇಳಿದರು, "ಪ್ಯಾರಾಪೆಟ್ ಗೋಡೆ ಎಷ್ಟು ಎತ್ತರ ಇದೆ?"

"ನನ್ನ ಎದೆ ತನಕ."

"ಅದರ ಹತ್ರ ಹೋಗಬೇಡಿ. ಮಧ್ಯದಲ್ಲಿ, ನೆಲದ ಮೇಲೆ ಕೂತು ಕೆಲಸ ಮಾಡಿ. ಒಬ್ಬರು ಜೊತೆಗಿರಲಿ, ಮೆಟ್ಟಿಲು ಹತ್ತಿ ಇಳಿಯೋವಾಗಲೂ. ಮಾತ್ರೆ ತಪ್ಪಿಸಬೇಡಿ." ಅಮ್ಮನ ಕಡೆ ತಿರುಗಿದರು. "ಮೂರ್ಛೆ ಬಂದಾಗ ಏನು ಮಾಡಬೇಕು ಅಂತ ನಿಮಗೆ ಗೊತ್ತಿದ್ರೆ ಸಾಕು ಅಮ್ಮ. ಅದನ್ನ ಕಲ್ತುಕೊಳ್ಳಿ."

ಆ ಭಾನುವಾರ ನಮ್ಮ ನಡುಮನೆಯಲ್ಲಿ ಒಂದು ತರಗತಿ ನಡೆಯಿತು. ರೇಣುಕಾಳನ್ನೂ ಕರೆದಿದ್ದೆ. ನಾನು ಚಾಪೆಯ ಮೇಲೆ ಮಲಗಿದೆ, ಅವರು ನನ್ನನ್ನು ಮಗ್ಗುಲಿಗೆ ಹೊರಳಿಸಬೇಕು. ಕೈಕಾಲು ಅದುಮಿ ಹಿಡಿಯಬಾರದು, ಬಾಯಿಗೆ ನೀರಾಗಲಿ ಚಮಚವಾಗಲಿ ಏನನ್ನೂ ಹಾಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಅಮ್ಮ ನನ್ನನ್ನು ಹೊರಳಿಸಿದ ರಭಸಕ್ಕೆ ಭುಜ ಲಟಕ್ಕೆಂದಿತು. "ಮೆಲ್ಲಗೆ ಅತ್ತೆ, ರೊಟ್ಟಿ ಅಲ್ಲ ಅದು" ಎಂದ ಮಹೇಶ. ಎಷ್ಟೋ ವಾರಗಳ ನಂತರ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕೆವು. ಮರುದಿನ ಟೆರೇಸಿನ ಬಾಗಿಲಿಗೆ ಬೀಗ ಇರಲಿಲ್ಲ.

ಸಸಿಗಳನ್ನು ಒಮ್ಮೆಗೇ ಬಿಸಿಲಿಗೆ ಇಡಲಿಲ್ಲ. ಮೊದಲ ದಿನ ಅರ್ಧ ಗಂಟೆ, ಮರುದಿನ ಒಂದು ಗಂಟೆ. ನನ್ನನ್ನೂ ಅಮ್ಮ ಅದೇ ಲೆಕ್ಕದಲ್ಲಿ ಬಿಟ್ಟಳು. ಒಂದು ಕುರ್ಚಿ ತಂದು ಬಾಗಿಲ ಬಳಿ ಕೂತು ಸೊಪ್ಪು ಬಿಡಿಸುತ್ತಾ ನನ್ನನ್ನೇ ನೋಡುತ್ತಿದ್ದಳು. ಮಹೇಶ ಹಳೆ ಪೇಂಟ್ ಡಬ್ಬಗಳಿಗೆ ತೂತು ಕೊರೆದು ಕೊಟ್ಟ. ಉದ್ದವಾಗಿದ್ದ ಸಸಿಗಳನ್ನು ಕಾಂಡದ ಅರ್ಧದವರೆಗೂ ಮಣ್ಣಿಗಿಳಿಸಿ ನೆಟ್ಟೆ. ನಾಲ್ಕು ಜೋಡಿ ಎಲೆ ಬಂದಾಗ ತುದಿ ಚಿವುಟಿದೆ. ಚಿವುಟಿದ ಕಡೆಯಿಂದ ಎರಡೆರಡು ಕವಲು ಒಡೆದು, ಎರಡು ತಿಂಗಳಲ್ಲಿ ಗಿಡಗಳು ಪೊಟ್ಟಣದ ಚಿತ್ರದ ಹಾಗೆ ಗಿಡ್ಡಗೆ, ಗುಂಡಗೆ, ಒತ್ತೊತ್ತಾಗಿ ನಿಂತವು. ಉಳಿದ ಸಸಿಗಳಲ್ಲಿ ಒಂದು ರೇಣುಕಾಳ ಕಿಟಕಿಗೆ ಹೋಯಿತು. "ತುಳಸಿ ಜಾತೀದನ್ನ ತಿಂತಾರೇನೆ?" ಎಂದು ಕೇಳುತ್ತಿದ್ದ ಅಮ್ಮ ಒಂದು ದಿನ ಕಡಲೆಬೀಜ, ಹಸಿಮೆಣಸಿನಕಾಯಿ ಜೊತೆ ಹಾಕಿ ಚಟ್ನಿ ಅರೆದಳು. ದೋಸೆಗೆ ಚೆನ್ನಾಗಿತ್ತು.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆ. ಆದರೆ ನಾಲ್ಕನೆಯ ತಿಂಗಳಲ್ಲಿ, ಒಂದು ಶನಿವಾರ ಬೆಳಿಗ್ಗೆ, ಟೆರೇಸಿನಲ್ಲೇ ನನಗೆ ಮತ್ತೆ ಫಿಟ್ಸ್ ಬಂತು. ಒಂದು ಮಾತ್ರೆಯನ್ನೂ ತಪ್ಪಿಸಿರಲಿಲ್ಲ. ನಿದ್ದೆಗೆಟ್ಟಿರಲಿಲ್ಲ. ಎಲ್ಲ ಸರಿಯಾಗಿ ಮಾಡಿದರೂ ಬಂತು. ಹೂ ಬಿಡಲು ಹೊರಟ ತುದಿಗಳನ್ನು ಕತ್ತರಿಸುತ್ತಿದ್ದೆ, ಅಷ್ಟೇ ಗೊತ್ತು.

ಎಚ್ಚರವಾದಾಗ ಮಗ್ಗುಲಾಗಿ ಮಲಗಿದ್ದೆ. ತಲೆಯ ಕೆಳಗೆ ಮಡಿಸಿದ ಟವೆಲ್ ಇತ್ತು. ಕತ್ತರಿಯನ್ನು ದೂರ ಸರಿಸಿದ್ದರು. ಬಟ್ಟೆ ಒಣಗಿಸಲು ಬಂದಿದ್ದ ರೇಣುಕಾ ಮಂಡಿಯೂರಿ ಕೂತು ಫೋನಿನಲ್ಲಿ ಸಮಯ ನೋಡುತ್ತಿದ್ದಳು.

"ಅಕ್ಕಾರ, ಒಂದು ನಿಮಿಷ ನಲವತ್ತು ಸೆಕೆಂಡ್ ಆತ್ರಿ, ಅಷ್ಟ. ಗಾಬರಿ ಆಗಬ್ಯಾಡ್ರಿ. ಡಾಕ್ಟರಿಗೆ ಹೇಳಾಕ ಬರಕೊಂಡೀನ್ರಿ."

ಅವಳ ಹಿಂದೆ ಅಮ್ಮ ನಿಂತಿದ್ದಳು. ಈಗ ಬೀಗ ಬೀಳುತ್ತದೆ ಎಂದುಕೊಂಡೆ. ವಾದ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ, ನಾಲಗೆಯೂ ದಪ್ಪಗಾಗಿತ್ತು. ಅಮ್ಮ ಬಗ್ಗಿ ನನ್ನ ಕೆನ್ನೆಗಂಟಿದ ಮಣ್ಣನ್ನು ಒರೆಸಿದಳು. ನನ್ನ ಭಾರಕ್ಕೆ ನಜ್ಜುಗುಜ್ಜಾಗಿದ್ದ ಗಿಡವನ್ನು ನೋಡಿದಳು.

"ಒಂದು ಗಿಡ ಪೂರ್ತಿ ಜಜ್ಜಿ ಹಾಕಿದೀಯ" ಎಂದಳು. "ಇರಲಿ, ಚಟ್ನಿಗಾಗುತ್ತೆ." ಕೂತು ಎಲೆ ಬಿಡಿಸತೊಡಗಿದಳು. ಎಲೆಗಳು ಮಡಿಲಿಗೆ ಬೀಳುವ ಬದಲು ಸುತ್ತ ಚೆಲ್ಲುತ್ತಿದ್ದವು. ಆದರೂ ಪೂರ್ತಿ ಬಿಡಿಸಿದಳು. ಡಾಕ್ಟರ್ ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಸೋಮವಾರ ನಾನು ಮತ್ತೆ ಟೆರೇಸಿಗೆ ಹೋದೆ. ಹೆದರಿಕೆಯಿತ್ತು, ಮೆಟ್ಟಿಲ ಮೇಲೆ ಎರಡು ಸಲ ನಿಂತೆ. ಅಮ್ಮ ಹಿಂದೆ ಕುರ್ಚಿ ಹಿಡಿದುಕೊಂಡು ಬರುತ್ತಿದ್ದಳು, "ಹತ್ತು, ಹತ್ತು" ಎಂದಳು.

ಮುಂದಿನ ತಿಂಗಳು ಡಾಕ್ಟರ ಪತ್ರ ಹಿಡಿದು ಶಾಲೆಗೆ ಹೋದೆ. ಯಾರು ಕೇಳಿದರೂ ಮತ್ತೆ ಬಂದೇ ಇಲ್ಲ ಅನ್ನು ಎಂದು ಎಷ್ಟೋ ಜನ ಬುದ್ಧಿ ಹೇಳಿದ್ದರು. ಪ್ರಿನ್ಸಿಪಾಲರು ಕಾಫಿ ತರಿಸಿ, ನಯವಾಗಿ ಕೇಳಿದರು, "ಆಮೇಲೆ ಮತ್ತೆ ಬಂದಿಲ್ಲ ತಾನೆ ಮೇಡಂ?"

"ಬಂತು ಸಾರ್. ಒಂದೇ ಒಂದು ಸಲ. ಮುಂದೆಯೂ ಬರಬಹುದು. ನನ್ನ ಕೆಲಸ ನನಗೆ ವಾಪಸ್ ಬೇಕು."

ಅವರು ಪತ್ರವನ್ನು ಎರಡು ಸಲ ಓದಿದರು. "ಪೇರೆಂಟ್ಸ್ ಏನಂತಾರೋ..."

"ನನ್ನನ್ನೇ ಕರೆಸಿ. ನಾನೇ ಮಾತಾಡ್ತೀನಿ."

ಮೂರು ವಾರ ಕಾಯಿಸಿದರು. ಕೊನೆಗೆ ಕರೆದರು, ಷರತ್ತುಗಳೊಂದಿಗೆ: ನೆಲಮಹಡಿಯ ತರಗತಿಗಳು ಮಾತ್ರ, ಬರ್ನರ್ ಹಚ್ಚುವ ಪ್ರಯೋಗಕ್ಕೆ ಇನ್ನೊಬ್ಬ ಶಿಕ್ಷಕರು ಜೊತೆಗಿರಬೇಕು. ಎರಡೂ ನ್ಯಾಯವಾದ ಮಾತೇ, ಒಪ್ಪಿದೆ. ಪೇರೆಂಟ್ಸಿಗೆ ವಿಷಯ ತಿಳಿಸುವುದು ಬೇಡ, ಮಕ್ಕಳಿಗೂ ಹೇಳಬೇಡಿ ಎಂಬ ಮೂರನೆಯ ಷರತ್ತು ಇತ್ತು. ಅದನ್ನು ಒಪ್ಪಲಿಲ್ಲ; ಕೊನೆಗೆ ಅವರೇ ಕೈಬಿಟ್ಟರು.

ಮೊದಲ ದಿನ ಆರನೆಯ ತರಗತಿ. ಹಾಜರಿ ಮುಗಿಯುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಪಕ್ಕದವನು ಅವನ ಶರ್ಟ್ ಎಳೆದು ಕೂರಿಸಲು ನೋಡಿದ.

"ಮಿಸ್, ನಿಮಗೆ ಮತ್ತೆ ಹಾಗಾದ್ರೆ ನಾವೇನು ಮಾಡೋದು?"

ಆರು ತಿಂಗಳಲ್ಲಿ ನನ್ನನ್ನು ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಒಳ್ಳೆ ಪ್ರಶ್ನೆ ಎಂದೆ. ಬೋರ್ಡಿನ ಮೇಲೆ ದಿನಾಂಕದ ಕೆಳಗೆ ನಾಲ್ಕು ಸಾಲು ಬರೆದೆ. ಕೊನೆಯ ಸಾಲು: ಹೆದರಿಕೆಯಾದರೆ ಜೋರಾಗಿ ದೊಡ್ಡವರನ್ನು ಕರೆಯಿರಿ, ಆದರೆ ನನ್ನನ್ನು ಬಿಟ್ಟು ಎಲ್ಲರೂ ಓಡಬೇಡಿ.

ಮುಂದಿನ ಬೆಂಚಿನ ಒಬ್ಬ ಹುಡುಗಿ ಪೆನ್ನಿನ ಮುಚ್ಚಳ ತೆಗೆದು ಕೇಳಿದಳು, "ಮಿಸ್, ಇದು ಎಕ್ಸಾಮಿಗೆ ಬರುತ್ತಾ?"

"ಇಲ್ಲ" ಎಂದೆ. "ಬರ್ಕೊಳ್ಳಿ."